ಅಳಿಯನ ಚೀಟಿಗೆ ಉತ್ತರ: ಕನೂ ದೋಣಿಗೆ ತಕ್ಕ ಹಗುರ ಗಾಳ

ಎಲ್ಲರಿಗೂ ನಮಸ್ಕಾರ. ಅಳಿಯ ನಿನ್ನೆ ರಾತ್ರಿ ಅಂಗಡಿಯವರು ಬರೆದುಕೊಟ್ಟ ಚೀಟಿಯ ಫೋಟೊವನ್ನು ಗ್ರೂಪಿನಲ್ಲಿ ಹಾಕಿ, ಮೇ ತಿಂಗಳ ವಿಕ್ಟೋರಿಯಾ ಡೇ ರಜೆಯಲ್ಲಿ ಮೂವರು ಗೆಳೆಯರೊಂದಿಗೆ ಕೆನಡಾದ ಒಂಟಾರಿಯೊದಲ್ಲಿರುವ ಅಲ್ಗಾನ್‌ಕ್ವಿನ್ ಪಾರ್ಕಿನ ಒಪಿಯಾಂಗೊ ಸರೋವರಕ್ಕೆ ಹೋಗುತ್ತಿದ್ದೇನೆ, ಬಾಡಿಗೆಯ ಕನೂ ಎಂಬ, ಹುಟ್ಟು ಹಾಕುವ ಹಗುರ ಕಿರುದೋಣಿಯಲ್ಲಿ ಕುಳಿತು ಲೇಕ್ ಟ್ರೌಟ್ ಎಂಬ ಮೀನು ಹಿಡಿಯಲು ಇವೆಲ್ಲ ಬೇಕೇ ಎಂದು ಕೇಳಿದ್ದಾನೆ. ಚೀಟಿಯಲ್ಲಿ ಒಂದು ಡೌನ್‌ರಿಗ್ಗರ್, ಎಂಟೂವರೆ ಅಡಿಯ ರಾಡ್, ಎಂದರೆ ಗಾಳದ ಕೋಲು, ಮತ್ತು 20 ಪೌಂಡಿನ ಎಳೆತ ತಾಳುವ ದಾರ ಸುತ್ತಿದ ದೊಡ್ಡ ರೀಲ್, ಎಂದರೆ ದಾರದ ರಾಟೆ, ಇವೆ. ಅದರ ಕೆಳಗೆ ಭಾವನವರು, ದಾರ ದಪ್ಪಗಿರುವುದೇ ಒಳ್ಳೆಯದು, ದೊಡ್ಡ ಮೀನು ಸಿಕ್ಕರೆ ಕಿತ್ತುಕೊಂಡು ಹೋಗುತ್ತದೆ ಎಂದು ಬೆಂಗಳೂರಿನಿಂದ ಬರೆದಿದ್ದಾರೆ. ವಾಯ್ಸ್ ಮೆಸೇಜ್ ಕಳುಹಿಸಿದರೆ ಅಕ್ಕನ ಮನೆಯ ಟೀವಿಯ ಸದ್ದಿನಲ್ಲಿ ಅರ್ಧವೂ ಕೇಳಿಸುವುದಿಲ್ಲವೆಂದು, ಬಾಯಲ್ಲಿ ಹೇಳಬೇಕಾದದ್ದನ್ನೇ ಬರೆಯುತ್ತಿದ್ದೇನೆ. ಉದ್ದವಾಯಿತೆಂದು ಬೇಸರಿಸಬೇಡಿ.

ಅಳಿಯ, ಆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೋ. ಅದರಲ್ಲಿರುವ ಸಾಮಾನು ಕೆಟ್ಟದ್ದಲ್ಲ, ಆದರೆ ಅದು ಲೇಕ್ ಒಂಟಾರಿಯೊದಂಥ ಕಡಲಿನಂತಿರುವ ನೀರಿನಲ್ಲಿ ಮೋಟಾರು ದೋಣಿಯಿಂದ ಸಾಲ್ಮನ್ ಹಿಡಿಯುವವರ ಸಾಮಾನು. ಡೌನ್‌ರಿಗ್ಗರ್ ಎಂದರೆ ದೋಣಿಯ ಅಂಚಿಗೆ ಬಿಗಿದ ಒಂದು ರಾಟೆ. ಅದರ ತಂತಿಯ ತುದಿಯಲ್ಲಿ ಎಂಟರಿಂದ ಹತ್ತು ಪೌಂಡಿನ ಗುಂಡು ನೇತಾಡುತ್ತಿರುತ್ತದೆ, ಆ ಗುಂಡೇ ನಿನ್ನ ಗಾಳವನ್ನು ಆಳಕ್ಕೆ ಒಯ್ಯುತ್ತದೆ. ನೂರಡಿ ಆಳದಲ್ಲಿರುವ ಮೀನಿಗೆ ಅದು ಸರಿಯೇ. ಆದರೆ ಕನೂ ದೋಣಿಯ ಒಂದೇ ಮಗ್ಗುಲಿಗೆ ನಾಲ್ಕೂವರೆ ಕೆಜಿ ತೂಕವನ್ನು ತೂಗುಹಾಕಿ, ಅದು ತಳದ ಬಂಡೆಗೆ ಸಿಕ್ಕಿಕೊಂಡಾಗ ದೋಣಿಯಲ್ಲಿರುವ ಇಬ್ಬರೂ ಅದೇ ಮಗ್ಗುಲಿಗೆ ವಾಲಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಮೂರನೆಯ ವಾರದಲ್ಲಿ ಆ ನೀರು ಕೈಯಿಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗಿರುತ್ತದೆ.

ಭಾವನವರ ಮಾತು ತಪ್ಪೆಂದು ನಾನು ಹೇಳುತ್ತಿಲ್ಲ. ಅವರು ಹಿಂದೆ ಭೀಮೇಶ್ವರಿಯ ಕಡೆ ಕಾವೇರಿಯಲ್ಲಿ ಮಹಶೀರ್ ಹಿಡಿಯುವವರನ್ನು ಕಣ್ಣಾರೆ ಕಂಡವರು. ಅಲ್ಲಿ ಹಿಡಿಯುವವನು ದಡದ ಬಂಡೆಯ ಮೇಲೆ ನಿಂತಿರುತ್ತಾನೆ, ಮೀನು ಹೊಳೆಯ ಸೆಳವಿನ ಜೊತೆಗೇ ಕೆಳಕ್ಕೆ ಓಡುತ್ತದೆ, ನಡುವೆ ಚೂಪು ಬಂಡೆಗಳಿರುತ್ತವೆ. ದಾರ ದಪ್ಪಗಿರದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಸರೋವರದ ನಡುನೀರಿನಲ್ಲಿ ಸೆಳವೂ ಇಲ್ಲ, ದಾರ ಉಜ್ಜುವ ಬಂಡೆಯೂ ಇಲ್ಲ. ಮೀನು ಎಳೆದತ್ತ ಹಗುರವಾದ ದೋಣಿಯೇ ತಿರುಗುತ್ತದೆ, ಅರ್ಧ ಪೆಟ್ಟನ್ನು ದೋಣಿಯೇ ತಾಳಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಎಷ್ಟು ದೊಡ್ಡ ಮೀನು ಸಿಕ್ಕೀತು ಎಂಬುದಕ್ಕಿಂತ, ಮೀನು ಎಷ್ಟು ಆಳದಲ್ಲಿದೆ ಮತ್ತು ನಾವು ಯಾವ ದೋಣಿಯಲ್ಲಿದ್ದೇವೆ ಎಂಬುದನ್ನು ನೋಡಿ ಸಾಮಾನು ಆರಿಸಬೇಕು.

ಆಳದ ವಿಷಯ ಹೀಗಿದೆ. ಲೇಕ್ ಟ್ರೌಟಿಗೆ ಟ್ರೌಟ್ ಎಂಬ ಹೆಸರಿದ್ದರೂ ಅದು ಚಾರ್ ಎಂಬ ಕುಲಕ್ಕೆ ಸೇರಿದ್ದು, ಕಡು ಮೈಮೇಲೆ ತಿಳಿ ಬಣ್ಣದ ಚುಕ್ಕೆಗಳು ಮತ್ತು ಆಳವಾಗಿ ಸೀಳಿದ ಬಾಲ ಅದರ ಗುರುತು. ಅದಕ್ಕೆ ಹಿತವಾಗುವುದು ಸುಮಾರು 10 ಡಿಗ್ರಿ ಸೆಲ್ಸಿಯಸ್‌ನ ನೀರು. ಬೇಸಗೆಯಲ್ಲಿ ಮೇಲಿನ ನೀರು ಕಾಯ್ದಾಗ ಅದು ಕೆಳಗಿನ ತಣ್ಣೀರಿಗೆ ಇಳಿದುಬಿಡುತ್ತದೆ, ಆಗ ಹಗುರ ಗಾಳದಿಂದ ಅದನ್ನು ಮುಟ್ಟುವುದು ಕಷ್ಟ. ಅಲ್ಗಾನ್‌ಕ್ವಿನ್‌ನಲ್ಲಿ ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದೊಳಗೆ ಸರೋವರಗಳ ಮಂಜುಗಡ್ಡೆ ಕರಗುತ್ತದೆ, ಅಲ್ಲಿಂದ ಕೆಲವು ವಾರ ಮೇಲಿನಿಂದ ಕೆಳಗಿನವರೆಗೂ ನೀರು ತಣ್ಣಗೇ ಇರುತ್ತದೆ. ಆ ದಿನಗಳಲ್ಲಿ ಮೀನು ಐದಡಿಯಿಂದ ಇಪ್ಪತ್ತಡಿಯೊಳಗೆ, ಎಷ್ಟೋ ಸಲ ದಡದ ಪಕ್ಕದಲ್ಲೇ ಮರಿಮೀನುಗಳನ್ನು ಅಟ್ಟಿಕೊಂಡು ತಿರುಗುತ್ತಿರುತ್ತದೆ. ನೀನು ಹೋಗುತ್ತಿರುವುದು ಸರಿಯಾಗಿ ಆ ಕಾಲಕ್ಕೆ. ಕಚ್ಚುವ ಕಪ್ಪು ನೊಣಗಳಿಗೂ ಅದೇ ಸುಗ್ಗಿ ಎಂಬುದು ಬೇರೆ ಮಾತು. ತಲೆಗೆ ಹಾಕುವ ಬಲೆಯೊಂದನ್ನು ಮರೆಯದೆ ಒಯ್ಯಿ.

ಒಪಿಯಾಂಗೊ ವಿಷಯದಲ್ಲಿ ನನಗೆ ಇಷ್ಟವಾದ ಒಂದು ಸಂಗತಿಯಿದೆ. ಅದರ ದಡದಲ್ಲಿ 1936ರಿಂದ ಮೀನುಗಳ ಸಂಶೋಧನಾಲಯವೊಂದಿದೆ, ಹಾರ್ಕ್‌ನೆಸ್ ಲ್ಯಾಬ್ ಎಂದು ಅದರ ಹೆಸರು. ಗಾಳ ಹಾಕಲು ಬಂದವರು ಹಿಡಿದ ಮೀನಿನ ಲೆಕ್ಕವನ್ನು ಅವರು ದಶಕಗಳಿಂದ ಬರೆದಿಡುತ್ತ ಬಂದಿದ್ದಾರೆ. 1948ರಲ್ಲಿ ಆ ಸರೋವರಕ್ಕೆ ಸಿಸ್ಕೊ ಎಂಬ ಬೆಳ್ಳಿಬಣ್ಣದ ಮೀನನ್ನು ತಂದು ಬಿಟ್ಟ ಮೇಲೆ, ಅದನ್ನು ತಿಂದು ಅಲ್ಲಿಯ ಲೇಕ್ ಟ್ರೌಟ್‌ಗಳು ಮೊದಲಿಗಿಂತ ದಪ್ಪಗಾದವು. ಸಿಸ್ಕೊ ಇಲ್ಲದ ಸಣ್ಣ ಸರೋವರಗಳಲ್ಲಿ ಇದೇ ಜಾತಿಯ ಮೀನು ನೀರಿನ ಸೂಕ್ಷ್ಮ ಜೀವಿಗಳನ್ನೇ ತಿಂದು ಗಿಡ್ಡಾಗಿಯೇ ಉಳಿಯುವುದುಂಟು. ಹಾಗೆಂದು ಒಪಿಯಾಂಗೊದಲ್ಲಿ ರಾಕ್ಷಸ ಮೀನು ಕಾದು ಕುಳಿತಿದೆ ಎಂದುಕೊಳ್ಳಬೇಡ. ಎರಡು ಕೆಜಿಯ ಆಸುಪಾಸಿನದು ಸಿಕ್ಕಿದರೆ ಅದೇ ಹಬ್ಬ, ಮತ್ತು ಎರಡು ಕೆಜಿಯ ಮೀನನ್ನು 20 ಪೌಂಡಿನ ದಾರದಲ್ಲಿ ಎಳೆದರೆ ಕೈಗೆ ಏನೂ ತಿಳಿಯುವುದಿಲ್ಲ.

ಇನ್ನು ಕೊಳ್ಳಬೇಕಾದದ್ದು. ಆರೂವರೆಯಿಂದ ಏಳಡಿಯ, ಮೀಡಿಯಂ ಲೈಟ್ ಎಂದು ಬರೆದಿರುವ ಸ್ಪಿನ್ನಿಂಗ್ ರಾಡ್ ಒಂದು ಸಾಕು. ತುದಿ ಮಾತ್ರ ಬಾಗುವ ಗಡುಸು ರಾಡ್ ಬೇಡ. ಹಿಡಿದು ಅಲುಗಿಸಿದರೆ ನಡುಮಧ್ಯದವರೆಗೂ ಬಿದಿರಿನ ಎಳೆಯ ಕೋಲಿನಂತೆ ಬಳುಕಬೇಕು. ಇಲ್ಲಿ ಹುಟ್ಟು ಹಾಕುತ್ತ ದೋಣಿಯ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವುದೇ ಕ್ರಮ; ದೋಣಿ ಮುಂದಕ್ಕೆ ಸಾಗುತ್ತಿರುವಾಗಲೇ ಮೀನು ಕಚ್ಚುವುದರಿಂದ ಪೆಟ್ಟು ಎರಡೂ ಕಡೆಯಿಂದ ಬೀಳುತ್ತದೆ, ರಾಡ್ ಬಳುಕದಿದ್ದರೆ ಬಾಯಿಯ ಮೆದು ಮಾಂಸ ಹರಿದು ಕೊಕ್ಕೆ ಕಳಚಿಕೊಳ್ಳುತ್ತದೆ. ರೀಲ್ 2500 ಸೈಜಿನದಿರಲಿ. ದಾರ 8 ಪೌಂಡಿನ ಸಾದಾ ನೈಲಾನ್ ಮಾನೊ, ಎಂದರೆ ಒಂದೇ ಎಳೆಯ ದಾರ, ಆಗಲಿ. ಅಂಗಡಿಯವರು ಹೆಣೆದ ದಾರ, ಎಂದರೆ ಬ್ರೇಡ್, ಇದಕ್ಕಿಂತ ಉತ್ತಮವೆಂದು ಹೇಳಿಯೇ ಹೇಳುತ್ತಾರೆ. ಅದು ತೆಳುವಾಗಿದ್ದು ಗಟ್ಟಿಯಾಗಿರುವುದು ನಿಜ, ಆದರೆ ಒಂದಿಷ್ಟೂ ಹಿಗ್ಗುವುದಿಲ್ಲ. ಮೊದಲ ಸಲ ಹೋಗುವವನ ಆತುರವನ್ನು ಹಿಗ್ಗುವ ಮಾನೊ ಕ್ಷಮಿಸುತ್ತದೆ, ಬ್ರೇಡ್ ಕ್ಷಮಿಸುವುದಿಲ್ಲ.

ರೀಲಿನ ಡ್ರ್ಯಾಗ್, ಎಂದರೆ ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಬಿರಿ, ಎಷ್ಟು ಬಿಗಿಯಾಗಿರಬೇಕೆಂಬುದನ್ನು ಮನೆಯಲ್ಲೇ ನೋಡಿಕೊಂಡು ಹೊರಡು. ಒಂದು ಲೀಟರ್ ನೀರಿನ ಬಾಟಲಿಯನ್ನು ದಾರದ ತುದಿಗೆ ಕಟ್ಟಿ, ರಾಡ್ ಹಿಡಿದು ನಿಧಾನವಾಗಿ ಮೇಲೆತ್ತು. ಬಾಟಲಿ ನೆಲ ಬಿಟ್ಟು ಏಳುವ ಹೊತ್ತಿಗೆ ರೀಲ್ ಕಿರ್ರ್ ಎಂದು ದಾರ ಬಿಡತೊಡಗಬೇಕು. ಅದು ಒಂದು ಕೆಜಿ, ಎಂದರೆ ನಿನ್ನ ದಾರದ ಬಲದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಬಾಟಲಿ ಸಲೀಸಾಗಿ ಮೇಲೆ ಬಂದರೆ ಡ್ರ್ಯಾಗ್ ಬಿಗಿಯಾಗಿದೆ ಎಂದೇ ಅರ್ಥ.

ದುಡ್ಡು ಹಾಕಲೇಬೇಕಾದ ಒಂದು ಪುಟ್ಟ ವಸ್ತುವಿದೆ, ಅದು ಬಾಲ್ ಬೇರಿಂಗ್ ಸ್ವಿವೆಲ್, ಎಂದರೆ ದಾರಕ್ಕೂ ಗಾಳಕ್ಕೂ ನಡುವೆ ಕಟ್ಟುವ, ಸಲೀಸಾಗಿ ತಿರುಗುವ ಕೊಂಡಿ. ನಾನು ಮೊದಲ ವರ್ಷ ಹೋದಾಗ ಎರಡು ಡಾಲರ್ ಉಳಿಸಲು ಮಾಮೂಲಿ ಸ್ವಿವೆಲ್ ಕೊಂಡಿದ್ದೆ. ಗಾಳ ನೀರಿನಲ್ಲಿ ತಿರುಗುತ್ತ ಬಂದರೆ ದಾರಕ್ಕೂ ಆ ಮುರಿ ಏರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಎರಡು ಗಂಟೆ ಎಳೆದು ಸುತ್ತಿಕೊಂಡಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಮತ್ತೆ ಬಿಡಲು ಹೋದಾಗ ಎಪ್ಪತ್ತು ಎಂಬತ್ತು ಅಡಿ ದಾರ ಸುರುಳಿ ಸುರುಳಿಯಾಗಿ ಎದ್ದು ರೀಲಿನ ಮೇಲೆ ಗುಬ್ಬಚ್ಚಿ ಗೂಡಿನಂತೆ ಕುಳಿತುಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಗಾಳಿಯೆದ್ದು, ಆ ದಿನದ ಬೇಟೆ ಮುಗಿದೇಹೋಯಿತು. ಒಳ್ಳೆಯ ಸ್ವಿವೆಲ್ ಕಟ್ಟಿ, ಅದರಿಂದಾಚೆಗೆ ಒಂದು ಮಾರಿನಷ್ಟು ನೀರಿನಲ್ಲಿ ಅಷ್ಟಾಗಿ ಕಾಣದ, ತೆಳುವಾದ ಫ್ಲೋರೋಕಾರ್ಬನ್ ದಾರ ಜೋಡಿಸಿ, ಅದರ ತುದಿಗೆ ಸ್ಪೂನ್ ಕಟ್ಟು.

ಸ್ಪೂನ್ ಎಂದರೆ ಹೆಸರೇ ಹೇಳುವಂತೆ ಹಿಡಿಯಿಲ್ಲದ ಚಮಚದ ಆಕಾರದ, ಕೊಕ್ಕೆಯಿರುವ ಲೋಹದ ಗಾಳ. ಎರಡೋ ಮೂರೋ ಇಂಚಿನ, ತೆಳು ತಗಡಿನದನ್ನೇ ಆರಿಸು. ದಪ್ಪನೆಯವು ದಡದಿಂದ ದೂರಕ್ಕೆ ಬೀಸಲು ಚೆನ್ನ, ನಿಧಾನವಾಗಿ ಎಳೆದರೆ ಕಲ್ಲಿನಂತೆ ಮುಳುಗುತ್ತವೆ. ಕೆನಡಾದವರೇ ಆದ ವಿಲಿಯಮ್ಸ್ ಕಂಪನಿಯ ವೇಬ್ಲರ್ ಎಂಬುದು ನನ್ನ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಅದರ ಅರ್ಧಕ್ಕೆ ಬೆಳ್ಳಿಯ ಲೇಪ, ಅರ್ಧಕ್ಕೆ ಚಿನ್ನದ ಲೇಪ, ಎರಡೂ ಅಪ್ಪಟವೇ. ಮೀನಿಗೆ ಚಿನ್ನ ತೊಡಿಸುತ್ತೀಯಾ ಎಂದು ಅಕ್ಕ ಒಮ್ಮೆ ನಕ್ಕಿದ್ದರು. ಬೆಲೆ ಕೆಲವೇ ಡಾಲರ್, ಗಾಬರಿಯಾಗುವುದು ಬೇಡ. ಬಿಸಿಲಿಗೆ ಬೆಳ್ಳಿ, ಮೋಡಕ್ಕೆ ತಾಮ್ರ ಅಥವಾ ಚಿನ್ನ ಎಂಬ ಲೆಕ್ಕ ನನಗೆ ಬಹಳ ಸಲ ಸರಿಹೋಗಿದೆ. ಇವುಗಳ ಜೊತೆಗೆ ಮರಿಮೀನಿನ ಆಕಾರದ, ರಪಾಲ ಕಂಪನಿಯ ಸಣ್ಣ ಗಾಳ ಒಂದಿರಲಿ. ಇಷ್ಟು ಸಾಕು, ಪೆಟ್ಟಿಗೆ ತುಂಬಿಸಬೇಡ.

ಯಾವುದನ್ನೇ ಕಟ್ಟಿದರೂ ದೂರ ಬಿಡುವ ಮೊದಲು ದೋಣಿಯ ಪಕ್ಕದಲ್ಲೇ ಒಂದು ಮೊಳ ದಾರದಲ್ಲಿ ಎಳೆದು ನೋಡು. ಗಾಯಗೊಂಡ ಮೀನು ಮಗ್ಗುಲು ತಿರುಗಿಸುತ್ತ ತೂರಾಡುವಂತೆ ಅದು ಅತ್ತಿತ್ತ ಹೊಯ್ದಾಡಬೇಕು. ಗಿರಗಿರನೆ ಸುತ್ತತೊಡಗಿದರೆ ದೋಣಿಯ ವೇಗ ಹೆಚ್ಚಾಗಿದೆ, ತಲೆ ಮೇಲಾಗಿ ಸುಮ್ಮನೆ ಜೋತುಬಿದ್ದರೆ ವೇಗ ಸಾಲದು. ಗಂಟೆಗೆ ಮೂರು ಕಿಲೋಮೀಟರ್, ಎಂದರೆ ಪೇಟೆಯಲ್ಲಿ ಅಂಗಡಿ ನೋಡುತ್ತ ನಡೆಯುವವರ ಗತಿ ಸಾಕಾಗುತ್ತದೆ. ಇಲ್ಲಿ ಕನೂ ದೋಣಿ ಮೋಟಾರು ದೋಣಿಗಿಂತ ಮೇಲು: ಹುಟ್ಟು ಹಾಕಿದಾಗ ಸ್ಪೂನ್ ಮುಂದಕ್ಕೆ ಜಿಗಿಯುತ್ತದೆ, ಹುಟ್ಟು ಎತ್ತಿದಾಗ ತೂಗಾಡುತ್ತ ಇಳಿಯುತ್ತದೆ, ಮೀನು ಬಹಳ ಸಲ ಹಿಡಿಯುವುದು ಆ ಇಳಿತದಲ್ಲೇ. ನೇರವಾಗಿ ಹೋಗದೆ ಹಾವಿನಂತೆ ಬಳುಕುತ್ತ ಸಾಗಿರಿ. ತಿರುವಿನ ಒಳಮಗ್ಗುಲಿನ ಗಾಳ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಮಗ್ಗುಲಿನದು ವೇಗವಾಗಿ ಮೇಲೇರುತ್ತದೆ. ಯಾವುದಕ್ಕೆ ಮೀನು ಬಿತ್ತೆಂದು ನೋಡಿದರೆ ಆ ದಿನದ ವೇಗ ಮತ್ತು ಆಳ ಎರಡೂ ತಿಳಿಯುತ್ತವೆ.

ದಾರವನ್ನು ಇಪ್ಪತ್ತರಿಂದ ಇಪ್ಪತ್ತೈದು ಮಾರು ಬಿಡು. ನಮ್ಮ ಊರಿನ ಮಾರೇ ಇದಕ್ಕೆ ಒಳ್ಳೆಯ ಅಳತೆ, ಎರಡು ಕೈ ಚಾಚಿದಷ್ಟು, ಸುಮಾರು ಆರಡಿ. ಎಣಿಸಿ ಬಿಟ್ಟರೆ ಮೀನು ಬಿದ್ದ ಮೇಲೆ ಮತ್ತೆ ಅಷ್ಟೇ ಬಿಡಬಹುದು. ಇನ್ನೂ ಕೆಳಗೆ ಹೋಗಬೇಕೆನಿಸಿದರೆ ಸ್ವಿವೆಲ್ಲಿನ ಹಿಂದೆ ಸಣ್ಣ ಭಾರವೊಂದನ್ನು ಸಿಕ್ಕಿಸು, ಆದರೆ ಅದು ಸೀಸದ್ದಾಗದಿರಲಿ. ಲೂನ್ ಎಂಬ ನೀರಕ್ಕಿಗಳು ಕಳಚಿಬಿದ್ದ ಸೀಸದ ಗುಂಡುಗಳನ್ನು ನುಂಗಿ ವಿಷವೇರಿ ಸಾಯುತ್ತವೆ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಮಿಗಿಂತ ಕಡಿಮೆಯ ಸೀಸದ ಭಾರಗಳಿಗೆ ನಿಷೇಧವೇ ಇದೆ. ಅಲ್ಗಾನ್‌ಕ್ವಿನ್ ಒಂಟಾರಿಯೊ ಪ್ರಾಂತ್ಯದ ಪಾರ್ಕ್ ಆದ್ದರಿಂದ ಆ ನಿಯಮ ಅಲ್ಲಿಗೆ ತಾಗುವುದಿಲ್ಲ, ಆದರೂ ತವರದ್ದೋ ಟಂಗ್‌ಸ್ಟನ್ನಿನದೋ ಕೊಳ್ಳು.

ಜೂನ್ ಕಳೆದ ಮೇಲೆ ಮತ್ತೆ ಹೋಗುವ ಆಸೆಯಾದರೆ ಆಗ ಲೆಡ್‌ಕೋರ್ ಬಗ್ಗೆ ಮಾತಾಡೋಣ. ಒಳಗೆ ಸೀಸದ ಎಳೆಯಿರುವ ಹೆಣೆದ ದಾರವದು, ಪ್ರತಿ ಹತ್ತು ಗಜಕ್ಕೆ ಬಣ್ಣ ಬದಲಾಗುತ್ತದೆ, ಒಂದೊಂದು ಬಣ್ಣಕ್ಕೆ ಗಾಳ ಸುಮಾರು ಐದಡಿ ಇಳಿಯುತ್ತದೆ, ನಿಧಾನವಾಗಿ ಹೋದರೆ ಇನ್ನೂ ಹೆಚ್ಚು. ಅದಕ್ಕೆ ಬೇರೆ ರೀಲ್ ಬೇಕು. ಈ ಸಲ ಬೇಡ.

ಮೀನು ಕಚ್ಚಿದಾಗ ಅದು ಮಹಶೀರಿನಂತೆ ಓಡುವುದಿಲ್ಲ, ನೆಗೆಯುವುದೂ ಅಪರೂಪ. ತಲೆಯನ್ನು ಧಡ್ ಧಡ್ ಎಂದು ಕೊಡವಿ ನೇರವಾಗಿ ಕೆಳಕ್ಕೆ ಎಳೆಯುತ್ತದೆ, ಆ ಕೊಡವುವಿಕೆ ಮೊಣಕೈಯವರೆಗೂ ಬರುತ್ತದೆ. ಅವಸರಪಡದೆ ಕಾದರೆ ಮೊದಲು ಮೀನು ಕಾಣಿಸುವುದಿಲ್ಲ, ಗುಳ್ಳೆಗಳು ಕಾಣಿಸುತ್ತವೆ. ಮೇಲೇರುವಾಗ ಲೇಕ್ ಟ್ರೌಟ್ ತನ್ನ ಹೊಟ್ಟೆಯೊಳಗಿನ ಗಾಳಿಚೀಲದ ಗಾಳಿಯನ್ನು ಬಾಯಿಂದ ತೇಗಿದಂತೆ ಹೊರಬಿಡುತ್ತದೆ, ಕಪ್ಪು ನೀರಿನೊಳಗಿಂದ ಬೆಳ್ಳಿಯ ಮಣಿಗಳು ಸಾಲಾಗಿ ಬರುತ್ತವೆ, ಅದರ ಹಿಂದೆಯೇ ಬಿಳಿಯ ಹೊಟ್ಟೆ ಹೊರಳುತ್ತದೆ. ಆಗ ಇಬ್ಬರಲ್ಲಿ ಒಬ್ಬನೇ ಬಲೆ ಹಿಡಿಯಬೇಕು, ಇನ್ನೊಬ್ಬ ಅಲುಗಾಡದೆ ಕುಳಿತಿರಬೇಕು. ಬಲೆ ರಬ್ಬರಿನದಿದ್ದರೆ ಕೊಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಬಿಟ್ಟುಬಿಡುವ ಮೀನಿನ ಲೋಳೆಯೂ ಉಳಿಯುತ್ತದೆ.

ದೊಡ್ಡದು ಸಿಕ್ಕಿದರೆ ಫೋಟೊ ತೆಗೆದು ನೀರಿಗೇ ಬಿಡು. ಇವು ಬಹಳ ನಿಧಾನವಾಗಿ ಬೆಳೆಯುವ ಮೀನುಗಳು, ಮೊಟ್ಟೆಯಿಡುವ ವಯಸ್ಸಿಗೆ ಬರಲು ವರ್ಷಗಟ್ಟಲೆ ಬೇಕು. ಅಲ್ಲದೆ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು, ಯಾವ ಸರೋವರದ ಎಷ್ಟುದ್ದದ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ಒಂಟಾರಿಯೊ ಸರ್ಕಾರವೇ ಪಟ್ಟಿ ಕೊಟ್ಟಿದೆ, ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ಅದನ್ನು ನೋಡಿಕೋ. ರವೆ ಹಚ್ಚಿ ಹುರಿಯಲು ಸಣ್ಣದೇ ರುಚಿ.

ನಿಯಮಗಳಲ್ಲಿ ಮೂರನ್ನು ಮರೆಯಬೇಡ: ನಾಲ್ವರ ಬಳಿಯೂ ಒಂಟಾರಿಯೊ ಸರ್ಕಾರ ಕೊಡುವ ಔಟ್‌ಡೋರ್ಸ್ ಕಾರ್ಡ್ ಮತ್ತು ಮೀನು ಹಿಡಿಯುವ ಲೈಸೆನ್ಸ್ ಇರಬೇಕು, ಒಬ್ಬರಿಗೆ ಒಂದೇ ಗಾಳ, ಜೀವಂತ ಮರಿಮೀನನ್ನು ಆ ಪಾರ್ಕಿನೊಳಗೆ ಇಟ್ಟುಕೊಳ್ಳುವಂತೆಯೇ ಇಲ್ಲ. ಎಷ್ಟು ಮೀನು ಇಟ್ಟುಕೊಳ್ಳಬಹುದೆಂಬುದು ಲೈಸೆನ್ಸಿನ ಬಗೆಯ ಮೇಲೆ ಹೋಗುತ್ತದೆ, ಈ ವರ್ಷದ ನಿಯಮ ಪುಸ್ತಕ ಓದಿಕೋ. ಒಪಿಯಾಂಗೊ ದೊಡ್ಡ ನೀರು, ಗಾಳಿಯೆದ್ದರೆ ಕನೂ ದೋಣಿ ತಾಳಲಾರದ ಅಲೆಗಳೇಳುತ್ತವೆ. ಬೆಳಿಗ್ಗೆ ಬೇಗ ಇಳಿದು, ದಡದ ಗುಂಟವೇ ಸಾಗಿ, ಲೈಫ್ ಜಾಕೆಟ್ಟನ್ನು ಕೂರುವ ಜಾಗದ ಕೆಳಗಿಡದೆ ಮೈಮೇಲೆ ಹಾಕಿಕೊಂಡಿರಿ. ಅಕ್ಕ ಇದನ್ನು ಓದಿ ಹೆದರುವುದು ಬೇಡ, ಹಾಕಿಕೊಂಡರೆ ಹೆದರಿಕೆಯಿಲ್ಲ.

ಅಳಿಯ, ನನ್ನ ಏಳಡಿಯ ಹಳೆಯ ರಾಡ್ ಮತ್ತು ರಬ್ಬರ್ ಬಲೆ ಗ್ಯಾರೇಜಿನಲ್ಲಿ ಸುಮ್ಮನೆ ಕುಳಿತಿವೆ. ಶನಿವಾರ ಬಂದು ತೆಗೆದುಕೊಂಡು ಹೋಗು, ಹೊಸ ದಾರ ಮತ್ತು ಸ್ವಿವೆಲ್ ಮಾತ್ರ ಕೊಂಡು ತಾ, ಇಲ್ಲೇ ಕುಳಿತು ಸುತ್ತಿಕೊಡುತ್ತೇನೆ. ಬಲೆಯ ಹಿಡಿ ಸ್ವಲ್ಪ ಸಡಿಲವಾಗಿದೆ, ಟೇಪ್ ಇದ್ದರೆ ಅದನ್ನೂ ತಾ.