ತೂಕ ಏರಿಲ್ಲ, ಆದ್ರೂ ಮೊಬೈಲ್‌ನ್ಯಾಗ ಕೂಸು "ಸುಧಾರಿಸೇತಿ"

ಪ್ರಶ್ನೆ (ಅಂಗನವಾಡಿ, ಹಳೇ ಹುಬ್ಬಳ್ಳಿ)
19 ತಿಂಗಳ ಹುಡುಗಿ, ತೂಕ 6.9 ಕಿಲೋ. ಹೋದ ತಿಂಗಳು ಉದ್ದ 77 ಸೆಂ.ಮೀ. ಹಾಕಿದ್ದಕ್ಕ ಪೋಷಣ್ ಟ್ರ್ಯಾಕರ್ (ಅಂಗನವಾಡಿ ಮೊಬೈಲ್ ಆ್ಯಪ್) ಸ್ಯಾಮ್ (ತೀವ್ರ ಅಪೌಷ್ಟಿಕತೆ) ತೋರಿಸ್ತು. ಈ ತಿಂಗಳು ಉದ್ದ 74, ತೂಕ ಅಷ್ಟೇ, ಈಗ ಮ್ಯಾಮ್ (ಮಧ್ಯಮ ಅಪೌಷ್ಟಿಕತೆ). ತೋಳಿನ ಸುತ್ತಳತಿ ಟೇಪಿನ್ಯಾಗ 12.1 ಸೆಂ.ಮೀ. ಎನ್‌ಆರ್‌ಸಿಗೆ (ಅಪೌಷ್ಟಿಕ ಮಕ್ಕಳನ್ನ ಇಟ್ಕೊಂಡು ನೋಡೂ ಆಸ್ಪತ್ರಿ ಕೇಂದ್ರ) ಕಳಿಸಬೇಕೋ, ಮನ್ಯಾಗ ನೋಡ್ಕೋಬೇಕೋ? ತಾಯಿ ದಿನಗೂಲಿ. ಅಂಗನವಾಡಿ ಕೊಡೂ ಪುಷ್ಟಿ ಹಿಟ್ಟಿನ ಪಾಕೀಟು ತಪ್ಪದೆ ಒಯ್ತಾಳ.

ಉತ್ತರ (ಮೇಲ್ವಿಚಾರಕಿ, ಧಾರವಾಡ)
ಕೂಸು ಒಂದು ತಿಂಗಳದಾಗ ಮೂರು ಸೆಂಟಿಮೀಟರ್ ಗಿಡ್ಡ ಆಗಂಗಿಲ್ಲರಿ. ಒಂದು ಅಳತಿ ತಪ್ಪೇತಿ, ಅಷ್ಟೇ. 6.9 ಕಿಲೋದ ಹುಡುಗಿ 77 ಇದ್ರ ಉದ್ದಕ್ಕ ತಕ್ಕ ತೂಕ ಮೈನಸ್ 3ರ (ಸರಾಸರಿಗಿಂತ ಎಷ್ಟು ಕೆಳಗ ಅನ್ನೂ ಅಳತಿ) ಕೆಳಗ ಬೀಳ್ತದ, ಅಂದ್ರ ಸ್ಯಾಮ್; 74 ಇದ್ರ ಮೈನಸ್ 2 ಮತ್ತು 3ರ ನಡುವ, ಅಂದ್ರ ಮ್ಯಾಮ್. 74 ಖರೇ ಅಂದ್ರೂ ಸಮಾಧಾನ ಪಡೂ ಹಂಗಿಲ್ಲ, ವಯಸ್ಸಿಗೆ ಗಿಡ್ಡ ಅಂತಾತು. ವಯಸ್ಸಿಗೆ ತೂಕ ಅಂತೂ ಹೆಂಗಿದ್ರೂ ಕೆಂಪೇ, ಅಂದ್ರ ತೀರಾ ಕಡಿಮಿ.

ನಾಳೆ ಮತ್ತ ಅಳೀರಿ. ಎರಡು ವರ್ಷದೊಳಗಿನ ಕೂಸನ್ನ ಮಲಗಿಸೇ ಅಳೀಬೇಕು, ಒಬ್ಬರಿಂದ ಆಗೂ ಕೆಲಸಲ್ಲ. ತಾಯಿ ತಲಿ ಹಲಗಿಗೆ ತಾಗಿಸಿ ಹಿಡೀಲಿ. ನೀವು ಒಂದು ಕೈಲೆ ಮೊಣಕಾಲು ಒತ್ತಿ, ಇನ್ನೊಂದು ಕೈಲೆ ಜಾರುಹಲಗಿ ಅಂಗಾಲಿಗೆ ತರ್ರಿ. ಮೊಣಕಾಲು ಮಡಚಿದ್ರ ಉದ್ದ ಕಡಿಮಿ ಬರ್ತದ, ಬೆರಳು ಚಾಚಿದ್ರ ಹೆಚ್ಚು. ಕೂಸು ಮಲಗಾಕ ಒಲ್ಲೆ ಅಂತ ನಿಲ್ಲಿಸಿ ಅಳೆದಿದ್ರ 0.7 ಸೆಂ.ಮೀ. ಕೂಡಿಸ್ರಿ. ಎರಡು ಸಲ ಅಳೆದು ಅರ್ಧ ಸೆಂ.ಮೀ. ಮ್ಯಾಲ ಫರಕು ಬಂದ್ರ ಮೂರನೇ ಸಲ.

ತೂಕದ ಮಷೀನ್ ಮ್ಯಾಲ ಕಿರಾಣಿ ಅಂಗಡಿಯ 5 ಕಿಲೋ ಕಲ್ಲು ಇಟ್ಟು ನೋಡ್ರಿ. ಕುಲಾಯಿ, ಸ್ವೆಟರ್, ಕಾಲ್ಗಡಗ ತೆಗೀರಿ. ಈ ವಯಸ್ಸಿಗೆ 200 ಗ್ರಾಂ ಅಂದ್ರ ಒಂದು ತಿಂಗಳ ಬೆಳವಣಿಗಿ, ಅದನ್ನ ಒಂದು ಜೋಡಿ ಗಡಗ ಮುಚ್ಚಿಬಿಡ್ತದ.

ಉತ್ತರ (ನರ್ಸ್, ಮಕ್ಕಳ ವಿಭಾಗ, ಗದಗ)
ಟೇಪು ಎಡತೋಳಿಗೆ. ಮೊಣಕೈ ಮಡಚಿ ಭುಜದ ತುದಿ, ಮೊಣಕೈ ತುದಿ ನಡುವೆ ಗುರುತು ಹಾಕಿ, ಆಮೇಲೆ ಕೈ ಇಳಿಬಿಟ್ಟು ಅಳೆಯಿರಿ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ಸ್ಯಾಮ್. ನಿಮ್ಮದು 12.1, ಹಳದಿ, ಅಂದರೆ ಮ್ಯಾಮ್. ಆದರೆ ಟೇಪು ಹಳದಿ ಬಂದಿದೆಯೆಂದು ಉದ್ದ-ತೂಕದ ಸ್ಯಾಮ್ ರದ್ದಾಗುವುದಿಲ್ಲ. ಎರಡರಲ್ಲಿ ಒಂದು ಕೆಂಪಿದ್ದರೂ ಸ್ಯಾಮ್ ಎಂದೇ ಹಿಡಿಯಬೇಕು.

ಎನ್‌ಆರ್‌ಸಿ ತೀರ್ಮಾನ ಬರೀ ಅಂಕಿಯಿಂದ ಆಗುವುದಲ್ಲ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ 3 ಸೆಕೆಂಡ್ ಒತ್ತಿ. ಎರಡರಲ್ಲೂ ಕುಳಿ ಉಳಿದರೆ ತೂಕ ಎಷ್ಟೇ ಇರಲಿ, ಅವತ್ತೇ ಕಳಿಸಿ. ಬಾವಿದ್ದರೆ ನೀರಿನ ಭಾರಕ್ಕೆ ತೂಕ ಚೆನ್ನಾಗಿರುವ ಹಾಗೆ ಕಾಣುತ್ತದೆ. ಜ್ವರ, ಏದುಸಿರು, ಮಂಕು, ತಿಂದದ್ದೆಲ್ಲ ವಾಂತಿ, ಸ್ಯಾಮ್ ಮಗು ಊಟವೇ ಮುಟ್ಟದಿರುವುದು, ಇವಕ್ಕೂ ಅದೇ ಮಾತು. ಇವು ಯಾವುವೂ ಇಲ್ಲದೆ ಮಗು ಹಸಿದು ತಿನ್ನುತ್ತಿದ್ದರೆ ಡಾಕ್ಟರಿಗೆ ಒಮ್ಮೆ ತೋರಿಸಿ ಮನೆಯಲ್ಲೇ ನೋಡಿಕೊಳ್ಳಬಹುದು. ವಾರಕ್ಕೊಮ್ಮೆ ತೂಕ, ಎರಡು ವಾರ ಏರದಿದ್ದರೆ ಮತ್ತೆ ಆಸ್ಪತ್ರೆ. ಮನೆಯಲ್ಲಿ ಯಾರಿಗಾದರೂ ಬಹಳ ದಿನದ ಕೆಮ್ಮು ಇದೆಯೇ ಕೇಳಿ. ಅದು ಟಿಬಿಯಾಗಿದ್ದು ಮಗುವಿಗೂ ಹತ್ತಿದ್ದರೆ ಎಷ್ಟು ತಿನ್ನಿಸಿದರೂ ಮೈ ಹತ್ತುವುದಿಲ್ಲ.

ದಾಖಲಾಗಬೇಕಾದರೆ ತಾಯಿಯ ಕೂಲಿ ನಷ್ಟಕ್ಕೆ ಭತ್ಯೆ ಇದೆ ಎಂದು ಮೊದಲೇ ಹೇಳಿ. ಅದು ಗೊತ್ತಿಲ್ಲದೆ ನಡುವೆ ಎದ್ದು ಹೋಗುವವರು ಬಹಳ.

ಉತ್ತರ (ಆಹಾರ ಸಲಹೆಗಾರ್ತಿ, ಹಾವೇರಿ)
ಪಾಕೀಟು ಒಯ್ಯೋದು ಬ್ಯಾರೆ, ಕೂಸಿನ ಹೊಟ್ಟಿಗೆ ಹೋಗೋದು ಬ್ಯಾರೆ. ಮನ್ಯಾಗ ಎಷ್ಟು ಮಕ್ಕಳು, ಗಂಜಿ ಹೆಂಗ ಮಾಡ್ತಾರ, ಎದುರಿಗೆ ಕುಂತು ನೋಡ್ರಿ. ಈ ತೂಕದ ಕೂಸಿನ ಹೊಟ್ಟಿ ಒಂದು ಸಲಕ್ಕ ಸುಮಾರು 200 ಮಿ.ಲೀ. ಹಿಡೀತದ, ಒಂದು ವಾಟಗ. ಅದರಾಗ ಎರಡು ಚಮಚ ಹಿಟ್ಟಿನ ನೀರುಗಂಜಿ ಕುಡಿಸಿದ್ರ ಹೊಟ್ಟಿ ತುಂಬ್ತದ, 40 ಕ್ಯಾಲರಿ ಸಿಗ್ತದ. ಅದೇ ವಾಟಗದಾಗ 40 ಗ್ರಾಂ ಹಿಟ್ಟು, ಒಂದು ಚಮಚ ಎಣ್ಣಿ, 10 ಗ್ರಾಂ ಶೇಂಗಾ ಪುಡಿ, 10 ಗ್ರಾಂ ಬೆಲ್ಲ ಹಾಕಿದ್ರ 300ರ ಸುತ್ತ. ಶೇಂಗಾ ಇಡೀ ಕೊಡಬ್ಯಾಡ್ರಿ, ಗಂಟಲಿಗೆ ಸಿಗ್ತದ.

ಗಟ್ಟಿ ಆಗಿ ಕೂಸು ಉಗುಳಿದ್ರ ನೀರು ಸುರೀಬ್ಯಾಡ್ರಿ. ಮೊಳಕಿ ಬರಿಸಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಒಂದು ಚಮಚ, ಗಂಜಿ ಒಲಿಯಿಂದ ಇಳಿಸಿ ಒಂದೀಟು ಆರಿದ ಮ್ಯಾಲ ಕಲಸಿ ಹತ್ತು ನಿಮಿಷ ಬಿಡ್ರಿ. ತಾನಾಗೇ ತೆಳ್ಳಗಾಗ್ತದ. ಆಮ್ಯಾಲ ಮತ್ತೊಂದು ಕುದಿ. ಮೊಳಕಿ ರಾಗಿ ಕೆಂಪಗ ಹುರಿದಿದ್ರ ಈ ಗುಣ ಉಳಿಯಂಗಿಲ್ಲ.

ಕೇಳಿದವರು
ತಾಯಿ 9ಕ್ಕ ಹೋದ್ರ ಸಂಜಿ 6ಕ್ಕ ಬರೋದು. ಅಕ್ಕ ನೋಡ್ಕೋತಾಳ, ಎಂಟು ವರ್ಷದಕಿ. ಚಾದಾಗ ಬಿಸ್ಕೀಟು ಅದ್ದಿ ಕೊಡ್ತಾಳ.

ಉತ್ತರ (ಆಹಾರ ಸಲಹೆಗಾರ್ತಿ, ಹಾವೇರಿ)
ಹಂಗಾದ್ರ ಎರಡು ಊಟ ಅಂಗನವಾಡ್ಯಾಗ ನಿಮ್ಮ ಕಣ್ಣೆದುರಿಗೆ ಆಗ್ಲಿ, ತಾಯಿ ಹೋಗೂ ಮುಂಚೆ ಒಂದು, ಬಂದ ಮ್ಯಾಲ ಎರಡು. ಮುಂಜಾನಿ ಮಾಡಿದ ಗಂಜಿ ಮಧ್ಯಾಹ್ನಕ್ಕ ಇಟ್ಟು ಹೋಗೂದು ಬ್ಯಾಡ, ಬ್ಯಾರಲ್ ನೀರಿನ ಮನ್ಯಾಗ ಅದೇ ಭೇದಿ ತರ್ತದ. ಅಕ್ಕನ ಕೈಯಾಗ ಬಾಳೆಹಣ್ಣು, ಪುಟಾಣಿ ಹಿಟ್ಟು-ಬೆಲ್ಲದ ಸಣ್ಣ ಉಂಡಿ ಇಡ್ರಿ.