ಪುನರುತ್ಥಾನದ ನಿರೀಕ್ಷೆ ಎಂದರೇನು?

ಪ್ರಶ್ನೆ: ಯೇಸು ಮೂರನೆಯ ದಿನ ಸಮಾಧಿಯಿಂದ ಎದ್ದನೆಂಬುದೇ ಈಸ್ಟರ್ ಹಬ್ಬದ ತಿರುಳು ಎಂದು ಬಲ್ಲೆ. ಆದರೆ ಎಂದೋ ನಡೆದ ಆ ಘಟನೆಯು ಇಂದು ಆಪ್ತರನ್ನು ಕಳೆದುಕೊಂಡ ಕ್ರೈಸ್ತರಿಗೆ ಹೇಗೆ ನಿರೀಕ್ಷೆಯಾಗುತ್ತದೆ?

ಉತ್ತರ 1: ಬೈಬಲಿನಲ್ಲಿ, ಆದಿ ಕ್ರೈಸ್ತ ಬೋಧಕನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯವನ್ನು ದಯವಿಟ್ಟು ಓದಿ. ಅಲ್ಲಿ ಆತ ಕ್ರಿಸ್ತನನ್ನು ‘ಪ್ರಥಮಫಲ’ (ಸುಗ್ಗಿಯ ಮೊದಲ ಬೆಳೆ) ಎನ್ನುತ್ತಾನೆ. ಅಂದರೆ ಆ ಪುನರುತ್ಥಾನವು ಒಂಟಿ ಪವಾಡವಲ್ಲ, ಕ್ರಿಸ್ತನನ್ನು ನಂಬಿ ಮಡಿದವರೆಲ್ಲರೂ ಎದ್ದುಬರುವರೆಂಬುದಕ್ಕೆ ಮುಂಚಿತವಾಗಿ ದೊರೆತ ಭರವಸೆ. ಕ್ರಿಸ್ತನು ಎದ್ದಿಲ್ಲವಾದರೆ ನಂಬಿಕೆಯೇ ವ್ಯರ್ಥವೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ.

ಉತ್ತರ 2: ಇದು ಕೇವಲ ಆತ್ಮದ ಅಮರತ್ವವಲ್ಲ, ದೇಹದ ಪುನರುತ್ಥಾನವೆಂಬುದನ್ನೂ ಗಮನಿಸಬೇಕು. ಎದ್ದ ಯೇಸು ತನ್ನ ಶಿಷ್ಯ ತೋಮನಿಗೆ ತೋರಿಸಿದ್ದು ಮೊಳೆಯ ಗಾಯಗಳಿದ್ದ ಅದೇ ಕೈಗಳನ್ನು ಎನ್ನುತ್ತದೆ ಯೋಹಾನನ ಸುವಾರ್ತೆ. (ನನಗಂತೂ ಹೆಚ್ಚು ಸಮಾಧಾನ ತರುವ ಭಾಗ ಇದೇ.)

ಉತ್ತರ 3: ಹಾಗೆಂದು ದುಃಖಿಸಬಾರದೆಂದಲ್ಲ, ತನ್ನ ಗೆಳೆಯ ಲಾಜರನ ಸಾವಿಗೆ ಸ್ವತಃ ಯೇಸುವೇ ಕಣ್ಣೀರಿಟ್ಟ ಪ್ರಸಂಗವು ಅದೇ ಸುವಾರ್ತೆಯ 11ನೆಯ ಅಧ್ಯಾಯದಲ್ಲಿದೆ.