ಗಣಿತ ಎಂ.ಎಸ್ಸಿ. ಆದವರು ಕಂಪ್ಯುಟೇಷನಲ್ ಸೈನ್ಸ್‌ನಲ್ಲಿ ಶಿಷ್ಯವೇತನ ಸಹಿತ ಪಿಎಚ್‌ಡಿಗೆ ಅರ್ಜಿ ಬರೆಯುವುದು ಹೇಗೆ?

ನವನಗರ_ಬಾಗಲಕೋಟೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದವಳು. ಗಣಿತದಲ್ಲಿ ಎಂ.ಎಸ್ಸಿ. ಮುಗಿದು ಎರಡು ವರ್ಷವಾಯಿತು. ಸದ್ಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತಿದ್ದೇನೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಮ್ಮೂರ ಮಗ್ಗುಲಲ್ಲೇ ಹರಿಯುವ ಘಟಪ್ರಭೆಯನ್ನು ಆರಿಸಿಕೊಂಡಿದ್ದೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ನಮ್ಮ ಸೋದರಮಾವನ ಕಬ್ಬು ಎಂಟು ದಿನ ನೀರಿನೊಳಗೆ ನಿಂತಿತ್ತು. ಆ ನೀರು ಯಾವ ಹೊತ್ತಿಗೆ ಎಷ್ಟು ಏರಿತೆಂಬುದನ್ನು ಲೆಕ್ಕದಿಂದ ಹಿಡಿಯಲು ಆಗುತ್ತದೆಯೇ ಎಂಬ ಕುತೂಹಲಕ್ಕೆ, ಆಳಕ್ಕಿಂತ ಹರವು ಬಹಳ ದೊಡ್ಡದಾದ ನೀರಿನ ಹರಿವನ್ನು ವಿವರಿಸುವ ಶಾಲೋ ವಾಟರ್ ಸಮೀಕರಣಗಳನ್ನು, ನೆಲವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕದ ನೀರಿನ ಲೆಕ್ಕ ಇಡುವ ಫೈನೈಟ್ ವಾಲ್ಯೂಮ್ ವಿಧಾನದಲ್ಲಿ ಬಿಡಿಸುವ ಒಂದು ಕೋಡನ್ನು ಪೈಥಾನಿನಲ್ಲಿ ನಾನೇ ಬರೆದೆ. ನೆಲದ ಎತ್ತರಕ್ಕೆ ನಾಸಾದ ಎಸ್‌ಆರ್‌ಟಿಎಂ ದತ್ತಾಂಶವನ್ನು, ಅಂದರೆ ಸುಮಾರು 30 ಮೀಟರಿಗೊಂದು ಬಿಂದುವಿನಂತೆ, ಬಳಸಿದ್ದೇನೆ.

ಕಳೆದ ವರ್ಷ ಇದನ್ನೇ ಮುಂದಿಟ್ಟುಕೊಂಡು ಸ್ವದೇಶದಲ್ಲಿ ಎರಡು, ಬ್ರಿಟನ್ನಿನಲ್ಲಿ ಎರಡು ಕಡೆ ಅರ್ಜಿ ಹಾಕಿದೆ. ಒಂದೂ ಕೈಗೂಡಲಿಲ್ಲ. ಮೂರು ಕಡೆಯಿಂದ ಉತ್ತರವೇ ಬರಲಿಲ್ಲ, ನಾಲ್ಕನೆಯವರು ಮಾತ್ರ ‘ಯೋಜನೆಗೂ ನಿಮ್ಮ ಅರ್ಜಿಗೂ ಹೊಂದಾಣಿಕೆ ಕಾಣಲಿಲ್ಲ’ ಎಂದು ಒಂದು ಸಾಲು ಬರೆದರು. ಅದಲ್ಲದೆ ಒಂದು ಅರ್ಜಿಗೆ ಶಿಫಾರಸು ಪತ್ರವು ಕೊನೆಯ ದಿನಾಂಕ ಮುಗಿದ ಮೂರನೆಯ ದಿನ ಹೋಯಿತೆಂಬುದು ನನಗೆ ಆಮೇಲೆ ಗೊತ್ತಾಯಿತು.

ನನಗೆ ತಿಳಿಯಬೇಕಾದದ್ದು ಇಷ್ಟು. ಗಣಿತದವರಿಗೆ ಶಿಷ್ಯವೇತನದ ದಾರಿಗಳು ಯಾವುವು? ಜಾಹೀರಾತುಗಳಲ್ಲಿ ಎಂಪಿಐ (ಒಂದು ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿ ಮಾಡಿಸುವ ವಿಧಾನ), ಸಿ++, ಸೂಪರ್‌ಕಂಪ್ಯೂಟರ್ ಅನುಭವ ಅಪೇಕ್ಷಣೀಯ ಎಂದಿರುತ್ತದೆ, ನನ್ನ ಬಳಿ ಇರುವುದು ಒಂದು ಹಳೆಯ ಲ್ಯಾಪ್‌ಟಾಪ್ ಮಾತ್ರ. ಇಷ್ಟರ ಮೇಲೆ ಅರ್ಜಿ ಹಾಕುವುದರಲ್ಲಿ ಅರ್ಥವಿದೆಯೇ? ಉದ್ದೇಶ ಪತ್ರದಲ್ಲಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಏನು ಬರೆಯಬೇಕು? ಮನೆಯಲ್ಲಿ ಇನ್ನೊಂದು ವರ್ಷ ಕಾಲಾವಕಾಶ ಕೊಟ್ಟಿದ್ದಾರೆ.

ಗೋಕಾಕದವನು, ಈಗ ಬೆಂಗಳೂರು:

ತಂಗೀ, ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಮನೆಯವರ ಮೊದಲ ಪ್ರಶ್ನೆ ಅದೇ ಇರುತ್ತದೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಗಣಿತ ವಿಜ್ಞಾನ ಪತ್ರಿಕೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ 42,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ ಬರುತ್ತದೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಜೆಆರ್‌ಎಫ್‌ನ ದೊಡ್ಡ ಅನುಕೂಲವೆಂದರೆ ಆ ಹಣ ನಿಮ್ಮ ಹೆಸರಿನದು. ಗೈಡ್ ಬಳಿ ಯೋಜನೆಯ ಹಣ ಇರಲಿ ಬಿಡಲಿ, ನೀವು ಹೋಗಿ ಮಾತನಾಡಬಹುದು. ದಿನಪತ್ರಿಕೆಗಳಲ್ಲಿ ಬರುವ ‘ಪ್ರಾಜೆಕ್ಟ್ ಜೆಆರ್‌ಎಫ್’ ಹುದ್ದೆ ಇದಲ್ಲ. ಅದು ಯೋಜನೆ ಮುಗಿದ ದಿನ ಮುಗಿಯುತ್ತದೆ, ಆದ್ದರಿಂದ ಎಷ್ಟು ತಿಂಗಳು ಬಾಕಿ ಇದೆ, ಪಿಎಚ್‌ಡಿ ನೋಂದಣಿಗೆ ಅವಕಾಶವಿದೆಯೇ ಎಂದು ಕೇಳದೆ ಸೇರಬೇಡಿ. ನಾನು ಕೇಳದೆ ಸೇರಿ ಹದಿನಾಲ್ಕು ತಿಂಗಳು ಕಳೆದುಕೊಂಡವನು.

ಇನ್ನೊಂದು ದಾರಿ ಗೇಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಅದರ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಗಣಿತದ ಪತ್ರಿಕೆ ಇದ್ದೇ ಇದೆ, 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಎಂಬ ಇನ್ನೊಂದು ಪತ್ರಿಕೆಯೂ ಸೇರಿದೆ. ಬೆಂಗಳೂರಿನಲ್ಲೇ ಐಐಎಸ್‌ಸಿಯ ಕಂಪ್ಯುಟೇಷನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗವಿದೆ, ಟಿಐಎಫ್‌ಆರ್‌ನ ಅನ್ವಯಿಕ ಗಣಿತ ಕೇಂದ್ರವಿದೆ. ಎರಡನೆಯದರಲ್ಲಿ ನಿಮ್ಮ ಬಗೆಯ ಸಮೀಕರಣಗಳೇ, ಅಂದರೆ ಅಲೆಯಂತೆ ಸಾಗುವ ಹರಿವುಗಳನ್ನು ವಿವರಿಸುವ ಹೈಪರ್ಬೋಲಿಕ್ ಸಂರಕ್ಷಣಾ ನಿಯಮಗಳೇ, ಬಹಳ ವರ್ಷಗಳಿಂದ ನಡೆದುಬಂದಿರುವ ವಿಷಯ. ಸಂದರ್ಶನದಲ್ಲಿ ಕೋಡಿನ ಮಾತು ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಸಮೀಕರಣ, ನ್ಯೂಮರಿಕಲ್ ಅನಾಲಿಸಿಸ್ ಇವುಗಳನ್ನು ಹಲಗೆಯ ಮೇಲೆ ಬಿಡಿಸಿಸುತ್ತಾರೆ.

ಲ್ಯಾಪ್‌ಟಾಪಿನ ಬಗ್ಗೆ ಸಂಕೋಚ ಬೇಡ. ಆದರೆ ದೊಡ್ಡ ಯಂತ್ರ ಏಕೆ ಬೇಕಾಗುತ್ತದೆ ಎಂಬುದು ನಿಮಗೆ ಗೊತ್ತಿದೆ ಎಂದು ಅರ್ಜಿಯಲ್ಲಿ ಕಾಣಬೇಕು. ನಿಮ್ಮ 30 ಮೀಟರ್ ಚೌಕವನ್ನು 15ಕ್ಕೆ ಇಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಒಂದು ಹೆಜ್ಜೆಯಲ್ಲಿ ಅಲೆ ಒಂದು ಚೌಕಕ್ಕಿಂತ ಮುಂದೆ ಹೋಗಬಾರದೆಂಬ ಸಿಎಫ್‌ಎಲ್ ನಿಯಮದಿಂದಾಗಿ ಕಾಲದ ಹೆಜ್ಜೆಯೂ ಅರ್ಧವಾಗುತ್ತದೆ, ಹೀಗಾಗಿ ಕೆಲಸ ಎಂಟು ಪಟ್ಟು. ನಿಮ್ಮ ಕೋಡು ಈಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಅದರಲ್ಲಿ ಯಾವ ಭಾಗ ಹೆಚ್ಚು ತಿನ್ನುತ್ತದೆ ಎಂದು ಅಳೆದು ಬರೆಯಿರಿ. ಎಂಪಿಐ ಕಲಿಯಲು ಲ್ಯಾಪ್‌ಟಾಪಿನ ನಾಲ್ಕು ಕೋರ್ ಸಾಕು. ನದಿಯ ಪಾತ್ರವನ್ನು ನಾಲ್ಕು ತುಂಡು ಮಾಡಿ, ಪಕ್ಕದ ತುಂಡಿನ ಅಂಚಿನ ಸಾಲನ್ನು ಪ್ರತಿ ಹೆಜ್ಜೆಗೂ ಕಳಿಸಿ ಪಡೆಯುವಷ್ಟು ಬರೆದರೆ ಅರ್ಧ ವಿದ್ಯೆ ಬಂದಂತೆಯೇ.

ಟಿಳಕವಾಡಿ_ಮಾಸ್ತರ, ಬೆಳಗಾವಿ (ನಿವೃತ್ತ):

ಮೂವತ್ತು ವರ್ಷ ಇಂಜಿನಿಯರಿಂಗ್ ಕಾಲೇಜಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಕಲಿಸಿದವನು ನಾನು. ಪಿಎಚ್‌ಡಿ ಆಯ್ಕೆ ಸಮಿತಿಗಳಲ್ಲೂ ಕುಳಿತಿದ್ದೇನೆ, ಆದ್ದರಿಂದ ಸ್ವಲ್ಪ ಕಟುವಾಗಿ ಕೇಳಿದರೆ ಬೇಸರ ಮಾಡಿಕೊಳ್ಳಬಾರದು. ನಿಮ್ಮ ಕೋಡು ಸರಿಯಾದ ಉತ್ತರ ಕೊಡುತ್ತದೆಂದು ನಿಮಗೆ ಹೇಗೆ ಗೊತ್ತು? ನೀವು ಬರೆದದ್ದರಲ್ಲಿ ನದಿ ಇದೆ, ನೆರೆ ಇದೆ, ಮಾವನ ಕಬ್ಬಿದೆ, ಪೈಥಾನ್ ಇದೆ, ಪರೀಕ್ಷೆ ಮಾತ್ರ ಎಲ್ಲಿಯೂ ಇಲ್ಲ. ನಾನು ಸಮಿತಿಯಲ್ಲಿದ್ದಿದ್ದರೆ ನಿಮ್ಮ ಅರ್ಜಿಯನ್ನು ಅಲ್ಲಿಗೇ ಮಡಚಿ ಇಡುತ್ತಿದ್ದೆ.

ಸುಲಭದ ಪರೀಕ್ಷೆ ಒಂದಿದೆ. ಕಟ್ಟೆಯ ಹಿಂದೆ 10 ಮೀಟರ್ ಆಳದ ನಿಂತ ನೀರು, ಮುಂದೆ ಒಣ ನೆಲ, ಘರ್ಷಣೆ ಇಲ್ಲ. ಕಟ್ಟೆ ಒಮ್ಮೆಲೇ ಮಾಯವಾದರೆ ಏನಾಗುತ್ತದೆಂಬುದಕ್ಕೆ ರಿಟ್ಟರ್ ಎಂಬ ವಿದ್ವಾಂಸ 1892ರಲ್ಲೇ ನಿಖರ ಉತ್ತರ ಕೊಟ್ಟಿದ್ದಾನೆ. ಕಟ್ಟೆಯಿದ್ದ ಜಾಗದಲ್ಲಿ ಆಳವು ಮೂಲದ ಒಂಬತ್ತನೆಯ ನಾಲ್ಕು ಪಾಲಿಗೆ, ಅಂದರೆ 4.44 ಮೀಟರಿಗೆ, ಇಳಿದು ಅಲ್ಲೇ ನಿಲ್ಲುತ್ತದೆ. ನೀರಿನ ಮುಂಗಡೆ ಸೆಕೆಂಡಿಗೆ 19.8 ಮೀಟರ್ ವೇಗದಲ್ಲಿ ಓಡುತ್ತದೆ. ನಿಮ್ಮ ಕೋಡು ಇದಕ್ಕೆ ಎಷ್ಟು ಹತ್ತಿರ ಬರುತ್ತದೆ, ಚೌಕ ಸಣ್ಣದಾದ ಹಾಗೆ ತಪ್ಪು ಯಾವ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ಒಂದು ಪುಟ್ಟ ಕೋಷ್ಟಕ ಮಾಡಿ. ಅದು ಹೊಂದಿದ ಮೇಲೆ, 1959ರಲ್ಲಿ ಫ್ರಾನ್ಸಿನಲ್ಲಿ ಒಡೆದ ಮಾಲ್ಪಾಸೆ ಅಣೆಕಟ್ಟಿನ ದತ್ತಾಂಶದ ಮೇಲೆ ಈ ಕ್ಷೇತ್ರದವರು ಕೋಡುಗಳನ್ನು ಒರೆಗೆ ಹಚ್ಚುವುದುಂಟು, ಅದನ್ನೂ ನೋಡಿ.

ಎರಡನೆಯ ಪ್ರಶ್ನೆ ನಿಮ್ಮ ಊರಿಗೇ ಸೇರಿದ್ದು. ನಿಮ್ಮ ಲೆಕ್ಕದ ಕೆಳಗಿನ ಅಂಚಿನಲ್ಲಿ, ಅಂದರೆ ಹೊಳೆ ಹೊರಗೆ ಹೋಗುವ ಕಡೆ, ನೀರಿಗೆ ಯಾವ ಷರತ್ತು ಕೊಟ್ಟಿದ್ದೀರಿ? 9 ಮೀಟರ್ ಆಳದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ 9.4 ಮೀಟರ್. ಹೊಳೆ 3 ಮೀಟರ್ ವೇಗದಲ್ಲಿ ಹರಿದರೂ ಕೆಳಗಿನ ಸುದ್ದಿ ಮೇಲಕ್ಕೆ ಬಂದೇ ಬರುತ್ತದೆ. ಬಾಗಲಕೋಟೆಯ ಕೆಳಗಿರುವುದು ಆಲಮಟ್ಟಿಯ ಹಿನ್ನೀರು, ಅದರ ಪೂರ್ಣ ಮಟ್ಟ 519.60 ಮೀಟರ್. ಹಳೆಯ ಊರಿನ ಒಂದು ಭಾಗ ಮುಳುಗಿ ನೀವೆಲ್ಲ ನವನಗರಕ್ಕೆ ಬಂದದ್ದೇ ಆ ಹಿನ್ನೀರಿನಿಂದ. ನಿಮ್ಮ ಕೋಡು ಕೆಳ ಅಂಚಿನಲ್ಲಿ ನೀರನ್ನು ಸುಮ್ಮನೆ ಹೊರಗೆ ಬಿಟ್ಟಿದ್ದರೆ, ಆಲಮಟ್ಟಿಯೇ ಇಲ್ಲದ ಬಾಗಲಕೋಟೆಯ ಲೆಕ್ಕ ಮಾಡಿದಂತಾಯಿತು.

ವಿಜಯಪುರದಾಕಿ, ಸದ್ಯ ಬ್ರಿಟನ್ನಿನಲ್ಲಿ:

ಮಾಸ್ತರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಹೊರದೇಶದ ಲೆಕ್ಕವನ್ನೂ ತಿಳಿದುಕೊಳ್ಳಿ. ಇಲ್ಲಿಯ ‘ಸ್ಟೂಡೆಂಟ್‌ಶಿಪ್’ ಎಂದರೆ ಬಹುಪಾಲು ಒಂದು ನಿರ್ದಿಷ್ಟ ಯೋಜನೆಗೆ ಮೀಸಲಾದ ಸ್ಥಾನ. ವಿಷಯ, ಗೈಡ್, ಅವಧಿ ಎಲ್ಲವೂ ಜಾಹೀರಾತಿನಲ್ಲೇ ಇರುತ್ತವೆ. ನೀವು ನಿಮ್ಮ ಕನಸಿನ ವಿಷಯ ಬರೆದು ಕಳಿಸಿದರೆ ‘ಹೊಂದಾಣಿಕೆ ಇಲ್ಲ’ ಎಂಬ ಉತ್ತರವೇ ಬರುವುದು. ಅವರ ಯೋಜನೆಯ ಯಾವ ತುಂಡಿಗೆ ನಿಮ್ಮ ಕೆಲಸ ಹತ್ತುತ್ತದೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು.

ಜಾಹೀರಾತಿನಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಶುಲ್ಕದ ಸಾಲು. ‘ಹೋಮ್ ಫೀ ಮಾತ್ರ’, ಅಂದರೆ ಇಲ್ಲಿಯವರ ಶುಲ್ಕ ಮಾತ್ರ ಕೊಡುತ್ತೇವೆ ಎಂದಿದ್ದರೆ ಅಂತರರಾಷ್ಟ್ರೀಯ ಶುಲ್ಕದೊಂದಿಗಿನ ವ್ಯತ್ಯಾಸ ನಿಮ್ಮ ತಲೆಯ ಮೇಲೆ, ಅದು ವರ್ಷಕ್ಕೆ ಲಕ್ಷಗಟ್ಟಲೆ ಆಗುತ್ತದೆ. ಬ್ರಿಟನ್ನಿನ ಸರ್ಕಾರಿ ಸಂಶೋಧನಾ ನಿಧಿ ಸಂಸ್ಥೆಯಾದ ಯುಕೆಆರ್‌ಐ ಹಣದ ಸ್ಥಾನಗಳಲ್ಲಿ ಆ ವ್ಯತ್ಯಾಸವನ್ನು ವಿದ್ಯಾರ್ಥಿಯಿಂದ ಕೇಳುವಂತಿಲ್ಲ. ಆದರೆ 2021ರಿಂದ ಅಂಥ ಸ್ಥಾನಗಳಲ್ಲಿ ಹೊರದೇಶದವರ ಪಾಲಿಗೆ ಶೇ 30ರ ಮಿತಿ ಇದೆ, ಹೀಗಾಗಿ ಪೈಪೋಟಿ ಬಿಗಿ. 2025-26ರಲ್ಲಿ ಯುಕೆಆರ್‌ಐನ ಕನಿಷ್ಠ ಶಿಷ್ಯವೇತನ ವರ್ಷಕ್ಕೆ 20,780 ಪೌಂಡ್, ತೆರಿಗೆ ಇಲ್ಲ. ವೀಸಾ ಜೊತೆಗೆ ಆರೋಗ್ಯ ಶುಲ್ಕವೆಂದು ವರ್ಷಕ್ಕೆ 776 ಪೌಂಡಿನಂತೆ ನಾಲ್ಕು ವರ್ಷದ 3,104 ಪೌಂಡನ್ನು ಒಂದೇ ಗಂಟಿನಲ್ಲಿ ಮುಂಗಡ ಕಟ್ಟಬೇಕು. ಶಿಷ್ಯವೇತನ ಕೈಸೇರುವುದಕ್ಕೆ ಮುಂಚೆಯೇ ಬರುವ ಖರ್ಚಿದು, ಅಪ್ಪನಿಗೆ ಈಗಲೇ ಹೇಳಿಟ್ಟಿರಿ. ಅನೇಕ ವಿಜ್ಞಾನ ವಿಷಯಗಳಲ್ಲಿ ಸಂಶೋಧನೆಗೆ ಬರುವ ಭಾರತೀಯರು ಅಟಾಸ್ ಎಂಬ ಅನುಮತಿ ಪತ್ರವನ್ನೂ ಪಡೆಯಬೇಕು, ಅದಕ್ಕೆ ಹಣ ಬೇಡ, ಸಮಯ ಬೇಕು.

ಜರ್ಮನಿಯಲ್ಲಿ ಬಹಳ ಕಡೆ ಪಿಎಚ್‌ಡಿ ಎಂದರೆ ನೌಕರಿಯೇ. ಟಿವಿ-ಎಲ್ ಎಂಬ ಅಲ್ಲಿಯ ಸರ್ಕಾರಿ ಸಂಬಳ ಪಟ್ಟಿಯ 13ನೇ ಶ್ರೇಣಿಯ ಶೇಕಡಾ ಇಂತಿಷ್ಟು ಎಂದು ಸಂಬಳ ನಮೂದಿಸಿರುತ್ತಾರೆ, ತೆರಿಗೆ ಮುರಿಯುತ್ತದೆ. ಯುರೋಪಿಯನ್ ಒಕ್ಕೂಟದ ಹಣದ ಪಿಎಚ್‌ಡಿ ಯೋಜನೆಗಳಾದ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳಲ್ಲಿ, ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದೆಂಬ ಷರತ್ತಿದೆ. ಬಾಗಲಕೋಟೆಯಲ್ಲೇ ಇರುವ ನಿಮಗೆ ಅದು ಅಡ್ಡಿಯಾಗುವುದಿಲ್ಲ.

ಉದ್ದೇಶ ಪತ್ರದ ಬಗ್ಗೆ ನನ್ನದೇ ಪಜೀತಿ ಹೇಳುತ್ತೇನೆ. ನನ್ನ ಮೊದಲ ಪತ್ರ ಗೋಳಗುಮ್ಮಟದ ಪಿಸುಮಾತಿನಿಂದ ಶುರುವಾಗಿತ್ತು, ಆ ಧ್ವನಿಯನ್ನು ಕಂಪ್ಯೂಟರಿನಲ್ಲಿ ಪುನರ್ಸೃಷ್ಟಿಸುವೆನೆಂದು ಬರೆದಿದ್ದೆ. ಸಂದರ್ಶನದಲ್ಲಿ ಒಬ್ಬರು ಮೆಲ್ಲಗೆ ‘ಎಷ್ಟು ಚೌಕ ಬೇಕಾಗುತ್ತದೆ?’ ಎಂದು ಕೇಳಿದರು. ನಾನು ತೆಪ್ಪಗಾದೆ. ಅವರೇ ಲೆಕ್ಕ ಹಾಕಿಸಿದರು: 1,000 ಹರ್ಟ್ಸ್ ಧ್ವನಿಯ ತರಂಗದ ಉದ್ದ ಸುಮಾರು 34 ಸೆಂಟಿಮೀಟರ್, ಒಂದು ತರಂಗಕ್ಕೆ ಹತ್ತು ಬಿಂದು ಬೇಕೆಂದರೆ ಚೌಕ 3.4 ಸೆಂಟಿಮೀಟರ್. ಗುಮ್ಮಟದ ಒಳನೆಲ ಸುಮಾರು 1,700 ಚದರ ಮೀಟರ್, ಎತ್ತರ ಒರಟಾಗಿ 50 ಮೀಟರ್ ಹಿಡಿದರೆ ಇನ್ನೂರು ಕೋಟಿಗೂ ಮಿಕ್ಕಿ ಘನಚೌಕಗಳಾದವು. ಆ ಸ್ಥಾನ ನನಗೆ ಸಿಗಲಿಲ್ಲ. ಮರುವರ್ಷದ ಪತ್ರದಲ್ಲಿ ಪಿಸುಮಾತು ಹೋಗಿ ಈ ಲೆಕ್ಕವೇ ಬಂತು.

ಶಿಫಾರಸು ಪತ್ರಕ್ಕೆ ಗುರುಗಳ ಬಳಿ ಒಂದು ತಿಂಗಳು ಮುಂಚೆ ಹೋಗಿ, ಕೈಯಲ್ಲಿ ಒಂದು ಪುಟ ಇಟ್ಟುಕೊಳ್ಳಿ: ನಿಮ್ಮ ಪ್ರಾಜೆಕ್ಟಿನಲ್ಲಿ ಅವರ ಕಣ್ಣೆದುರು ನಡೆದದ್ದೇನು, ಯಾವ ಸ್ಥಾನಕ್ಕೆ ಅರ್ಜಿ, ಕೊನೆಯ ದಿನ ಯಾವುದು. ಪತ್ರ ಅವರ ಸಂಸ್ಥೆಯ ಇಮೇಲಿನಿಂದಲೇ ಹೋಗಬೇಕೆಂದು ಹಲವೆಡೆ ಕೇಳುತ್ತಾರೆ. ಸ್ವಂತ ಜಿಮೇಲ್ ಮಾತ್ರ ಬಳಸುವ ಹಿರಿಯರಿದ್ದರೆ ಇದನ್ನು ಮೊದಲೇ ಸರಿಪಡಿಸಿಕೊಳ್ಳಿ.

ನವನಗರ_ಬಾಗಲಕೋಟೆ ಬರೆದದ್ದು:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಮಾಸ್ತರರು ಊಹಿಸಿದ್ದು ನಿಜ, ಕೆಳ ಅಂಚಿನಲ್ಲಿ ನೀರನ್ನು ಹಾಗೆಯೇ ಹೊರಗೆ ಬಿಟ್ಟಿದ್ದೆ. ಮೊದಲು ರಿಟ್ಟರ್ ಪರೀಕ್ಷೆ ಮಾಡಿದೆ. 200 ಚೌಕಗಳಲ್ಲಿ ಕಟ್ಟೆಯ ಜಾಗದ ಆಳ 4.41 ಮೀಟರ್ ಬಂತು, ಆದರೆ ಮುಂಗಡೆ ನಿಖರ ಉತ್ತರಕ್ಕಿಂತ ಹಿಂದೆ ಬೀಳುತ್ತದೆ. 400, 800 ಚೌಕ ಮಾಡಿದ ಹಾಗೆ ಅಂತರ ಕಡಿಮೆಯಾಗುತ್ತಾ ಹೋಯಿತು. ಆಮೇಲೆ ಕೆಳ ಅಂಚಿಗೆ ಜಲಾಶಯದ ಮಟ್ಟ ಕೊಟ್ಟು ಓಡಿಸಿದಾಗ ಮಾವನ ಹೊಲದ ಬಳಿ ನೀರು ಹಿಂದಿನ ಲೆಕ್ಕಕ್ಕಿಂತ ಒಂದು ಮೀಟರಿನಷ್ಟು ಮೇಲೇರಿತು. ಖುಷಿಯಾಯಿತು. ಆದರೆ ಎಸ್‌ಆರ್‌ಟಿಎಂ ಎತ್ತರಗಳಲ್ಲೇ ಹಲವು ಮೀಟರ್ ತಪ್ಪಿರಬಹುದೆಂದು ಓದಿದ ಮೇಲೆ ಆ ಒಂದು ಮೀಟರಿಗೆ ಏನು ಬೆಲೆ ಎಂಬ ಸಂದೇಹ ಹತ್ತಿದೆ. ಇದನ್ನು ಅರ್ಜಿಯಲ್ಲಿ ಬರೆದರೆ ನನ್ನ ಕೆಲಸವನ್ನು ನಾನೇ ಹಳಿದುಕೊಂಡಂತೆ ಆಗುವುದಿಲ್ಲವೇ?

ಟಿಳಕವಾಡಿ_ಮಾಸ್ತರ, ಬೆಳಗಾವಿ (ನಿವೃತ್ತ):

ಆಗುವುದಿಲ್ಲ. ಅದನ್ನೇ ಪತ್ರದ ಎರಡನೆಯ ಪ್ಯಾರಾ ಮಾಡಿ. ನೆಲದ ಎತ್ತರವನ್ನು ತಪ್ಪಿನ ಮಿತಿಯೊಳಗೆ ಮೇಲೆ ಕೆಳಗೆ ಅಲುಗಾಡಿಸಿ ಕೋಡನ್ನು ನೂರು ಬಾರಿ ಓಡಿಸಿ, ಹೊಲದ ಬಳಿಯ ನೀರಿನ ಮಟ್ಟ ಎಷ್ಟರಿಂದ ಎಷ್ಟಕ್ಕೆ ಹರಡುತ್ತದೆಂದು ನೋಡಿ. ಅನ್‌ಸರ್ಟನ್ಟಿ ಕ್ವಾಂಟಿಫಿಕೇಷನ್ (ಅನಿಶ್ಚಿತತೆಯನ್ನು ಅಳೆಯುವುದು) ಎಂದು ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಹೆಸರಿನ ಕೆಲಸ ಶುರುವಾಗುವುದು ಇಲ್ಲಿಂದಲೇ. ನೂರು ಬಾರಿ ಓಡಿಸಲು ಹೋದಾಗ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಆಗ ದೊಡ್ಡ ಯಂತ್ರ ನಿಮಗೆ ಏಕೆ ಬೇಕೆಂದು ಗೋಕಾಕದವರು ಹೇಳಿದ ಮಾತಿಗೂ ನಿಮ್ಮದೇ ಅಂಕಿ ಸಿಗುತ್ತದೆ. ಪತ್ರ ಎರಡು ಪುಟ ದಾಟಬಾರದು. ಮತ್ತೆ, ಶಿಫಾರಸು ಕೇಳಲು ಗುರುಗಳ ಮನೆಗೆ ನಾಳೆಯೇ ಹೋಗಿ, ಶ್ರಾವಣ ಮುಗಿಯಲಿ ಎಂದು ಕಾಯಬೇಡಿ.